ನಾಲ್ಕನೇ ಜ್ವರ

ಶಿಡ್ಲಘಟ್ಟದಿಂದ ನಾಲ್ಕು ಮೈಲಿ. ಹಿಪ್ಪುನೇರಳೆ ತೋಟದ ನಡುವೆ
ಹುಳು ಸಾಕುತ್ತಿದ್ದ ಹಳೇ ಮನೆಯಲ್ಲಿ
ಪಿಳ್ಳಪ್ಪ ಮೇಷ್ಟ್ರ ವಿಮಾನ ನಿಂತಿದೆ,
ಒಂದೇ ರೆಕ್ಕೆಯಲ್ಲಿ. ಇನ್ನೊಂದು ಅಟ್ಟದ ಮೇಲೆ, ಮುರುಕು ಚಂದ್ರಿಕೆಗಳ ಜೊತೆ.
ಸಂಜೆ ಅಂಗಡಿ ಷಟರ್ ಎಳೆದು
ಗ್ರೈಂಡರ್ ಚೀಲ ಹೊತ್ತು ಹೋಗುತ್ತೇನೆ.

ನನ್ನ ಕಸುಬು ಇಷ್ಟೇ: ಹುಡುಗರ ಬೈಕಿನ ಸಿಲಿಂಡರು ಬಿಚ್ಚಿ
ಗಾಳಿ ಹೋಗುವ ದಾರಿ ಅಗಲ ಮಾಡೋದು.
ಚಿಂತಾಮಣಿ ರಸ್ತೆಯಲ್ಲಿ ರಾತ್ರಿ ಕಿರುಚುವ ಗಾಡಿಗಳಲ್ಲಿ ಅರ್ಧ
ನನ್ನ ಕೈಯವು. ಅಮ್ಮಿಗೆ ಗೊತ್ತಿಲ್ಲ.

ಮೇಷ್ಟ್ರು ಐಟಿಐನಲ್ಲಿ ಮೂವತ್ತೊಂದು ವರ್ಷ ಫಿಟ್ಟರ್ ಪಾಠ ಹೇಳಿದವರು.
"ಇಮ್ದಾದ್, ಇದಕ್ಕೆ ವಾಲ್ವ್ ಇಲ್ಲ ಕಣಪ್ಪ," ಅಂದರು ಮೊದಲ ದಿನ,
ಯಾವುದೋ ಜಪಾನಿ ಕಾರಿನ ಎದೆಯಿಂದ ಬಂದ ಮುಕ್ಕೋನೆ ರೋಟರನ್ನು
ಬಾಣಂತಿ ಮನೆಯ ಕೂಸಿನ ಹಾಗೆ ಎರಡೂ ಕೈಲಿ ಎತ್ತಿ.
"ತಿರುಗೋನೇ ಬಾಗಿಲು. ತಾನೇ ತೆರೀತಾನೆ, ತಾನೇ ಮುಚ್ತಾನೆ.
ನಾವು ಹೊಸ್ತಿಲು ಸರಿಸಬೇಕು, ಅಷ್ಟೆ."

ಎಷ್ಟು?
ಅವರ ಮೊಣಕಾಲಿನ ಎಕ್ಸ್‌ರೇ ಹಾಳೆ ಕತ್ತರಿಸಿ ಅಚ್ಚು ಮಾಡಿಟ್ಟಿದ್ದರು.
ಬೀಡಿನ ತಟ್ಟೆಗೆ ನೀಲಿ ಬಳಿದು, ಅಚ್ಚು ಒತ್ತಿ ಹಿಡಿದು,
ಅವರ ಚಿಪ್ಪಿನ ನೆರಳಿನ ಅಂಚಿಗೇ
ಉಕ್ಕಿನ ಮೊನೆಯಿಂದ ಗೆರೆ ಎಳೆದೆ.
ಗೆರೆಯೊಳಗೆ ಒಂದು ಕೂದಲೆಳೆ ಬಿಡು, ಇದು ಮೇಷ್ಟ್ರ ಕಾನೂನು.
ಹೊರಗೆ ಹೋದರೆ ಮೂಲೆಯ ಸೀಲು ಗುಂಡಿಗೆ ಬಿದ್ದು ಮುರಿಯುತ್ತೆ.
ಆಳಕ್ಕೆ ಹೋದರೆ ನೀರು.

ಬೈಕಿಗೆ ಇಷ್ಟು ಮಡಿ ಇಲ್ಲ. ಕೆಟ್ಟರೆ ಹುಡುಗ ಪಕ್ಕಕ್ಕೆ ನಿಲ್ಲಿಸಿ
ನನ್ನ ಮನೆತನವನ್ನೆಲ್ಲ ನೆನೆದು ಫೋನು ಮಾಡುತ್ತಾನೆ.
ಮೇಲೆ, ಪಕ್ಕ ಎಲ್ಲಿದೆ?

ಮೂರನೇ ತಟ್ಟೆ. ಹನ್ನೊಂದನೇ ಸಂಜೆ.
ಗ್ರೈಂಡರಿನ ಸದ್ದು ಸ್ವಲ್ಪ ತೆಳುವಾಯಿತು,
ಯಾರಿಗೂ ಕೇಳಿಸದಷ್ಟು. ನನಗೆ ಕೇಳಿಸಿತು.
ಟಾರ್ಚು ಬಿಟ್ಟೆ: ಸಾಸಿವೆಗಿಂತ ಚಿಕ್ಕದೊಂದು ಕಪ್ಪು,
ಅದರಾಚೆ ನೀರಿನ ಕೋಣೆ.

ಅಂಟು ಇದೆ ಚೀಲದಲ್ಲಿ. ತುಂಬಿ, ಉಜ್ಜಿ, ಮತ್ತೆ ನೀಲಿ ಬಳಿದರೆ
ದೇವರಿಗೂ ಕಾಣದು.
ಬೈಕಿನವರಿಗೆ ಹಾಕಿದ್ದೇನೆ ಎರಡು ಸಲ.
ಮೂರು.
ಆಚೆ ಚಾ ಸೋಸುತ್ತಾ ಮೇಷ್ಟ್ರು ಕೂಗಿದರು, ಸಕ್ಕರೆ ಎಷ್ಟು?
"ತೂತು ಬಿತ್ತು" ಅಂದೆ.

ಬಂದರು. ಕನ್ನಡಕ ಹಣೆಗೇರಿಸಿ, ಬಲ್ಬಿಗೆ ಹಿಡಿದು,
ಬಹಳ ಹೊತ್ತು ನೋಡಿ,
"ಗೋಡೆ ಎಷ್ಟು ದಪ್ಪ ಅಂತ ಈಗ ಗೊತ್ತಾಯ್ತಲ್ಲ" ಅಂದರು.
ಚಾ ಆರಿತ್ತು, ಸಕ್ಕರೆ ಜಾಸ್ತಿ.
ತಟ್ಟೆ ಗೋಡೆಯ ಮೊಳೆಗೆ ಹೋಯಿತು.
ಇನ್ನೊಂದಕ್ಕೆ ಏಳು ತಿಂಗಳು ಹಿಡಿಯಿತು,
ಒಂದು ಹಸುವೂ.

ಕೊನೆಗೆ ಎಲ್ಲಾ ಜೋಡಿಸಿ, ಬಯಲಿಗೆ ತಳ್ಳಿ,
ಬಾಲಕ್ಕೆ ಹಗ್ಗ ಬಿಗಿದು ಹುಣಸೇಮರಕ್ಕೆ ಕಟ್ಟುವ ಹೊತ್ತಿಗೆ
ಬೇಲಿ ದಾಟಿ ಅಕ್ಕಯ್ಯಮ್ಮ ಬಂದರು:
"ನನ್ನ ಹುಳು ನಾಲ್ಕನೇ ಜ್ವರಕ್ಕೆ ಕೂತಿವೆ.
ಹೊಗೆ ಗಿಗೆ ಬಿಟ್ಟೀರ, ನೋಡಿ ಮತ್ತೆ."
ಮೇಷ್ಟ್ರು ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡರು.

ಕಾದೆವು. ಹುಳು ಜ್ವರದಿಂದ ಎದ್ದವು, ಹಗಲೂ ರಾತ್ರಿ ಮೇದವು,
ಹಣ್ಣಾಗಿ ಚಂದ್ರಿಕೆ ಹತ್ತಿದವು, ಗೂಡು ಮಾರ್ಕೆಟ್ಟಿಗೆ ಹೋಯಿತು.
ಅಟ್ಟದ ಸಂದಿಯಲ್ಲಿ ತಪ್ಪಿಸಿಕೊಂಡ ಒಂದು ಗೂಡು ಒಡೆದು
ಚಿಟ್ಟೆ ಬೆಂಚಿನ ಮೇಲೆ ಬಿದ್ದು
ರೆಕ್ಕೆ ಪಟಪಟಿಸುತ್ತಾ ಸ್ಪ್ಯಾನರುಗಳ ನಡುವೆ ನಡೆಯಿತು.
ರೇಷ್ಮೆ ಚಿಟ್ಟೆಗೆ ಹಾರಲು ಬಾರದು.
ಮೇಷ್ಟ್ರು ನೋಡಿದರು. ಏನೂ ಅನ್ನಲಿಲ್ಲ.

ಇವತ್ತು ಕೀಲಿ ತಿರುಗಿತು.
ಇಂಜಿನ್ನು ಕೆಮ್ಮಿತು, ತಡವರಿಸಿತು, ಸತ್ತ ಹಾಗೆ ಮಾಡಿ ಎದ್ದಿತು.
ಬಾಯಿ ಅಗಲವಾದವನಿಗೆ ಪಿಸುಮಾತು ಬರೋದಿಲ್ಲ.
"ಆಕಾಶದಲ್ಲಿ ಸಿಗ್ನಲ್ ಇಲ್ಲ ಬಿಡು" ಅಂದು
ಮೇಷ್ಟ್ರು ಪೂರ್ತಿ ತೆರೆದರು.

ಹಗ್ಗ ತಂತಿಯಾಯಿತು. ಹುಣಸೆ ಎಲೆ ನಮ್ಮ ಮೇಲೆ, ಚಾದ ಮೇಲೆ,
ಬೇಲಿಯಾಚೆ ನಗುತ್ತಿದ್ದ ಅಕ್ಕಯ್ಯಮ್ಮನ ತಲೆ ಮೇಲೆ.
ಅವರು ಬೆರಳೆತ್ತಿ ಸುತ್ತುಗಳ ಲೆಕ್ಕ ಕೂಗುತ್ತಿದ್ದರು.
ನಾನು ಆ ತೆಳು ಸದ್ದಿಗೆ ಕಿವಿಗೊಟ್ಟು ನಿಂತಿದ್ದೆ.
ಇರಲಿಲ್ಲ.
ಒಳಗೆ, ಮೊಳೆಯಲ್ಲಿ,
ಆ ಹಳೇ ತಟ್ಟೆ ಮಾತ್ರ ಗೋಡೆಗೆ ತಾಗಿ ತಾಗಿ
ನಡುಗುತ್ತಿತ್ತು.